ಯಾದವಗಿರಿಯಿಂದ ಹೊರಟ ಗಾಡಿ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಮನೆಗೆ ಬ್ಯಾರನ್ ಅನ್ನುತ್ತೇವೆ. ನಮ್ಮ ಬ್ಯಾರನ್ನಿಗೆ ಬೆಂಕಿ ಹಾಕುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ಒಳಗೆ ಗೊಬ್ಬರದ ಚೀಲಗಳು, ಒಂದು ಮುರಿದ ನೇಗಿಲು, ಸೊಪ್ಪು ಪೋಣಿಸುವ ಕಡ್ಡಿಗಳ ಹೊರೆ. ಅವೆಲ್ಲದರ ಹಿಂದೆ ಅಪ್ಪನ ಜಾವಾ ಮೋಟರ್ ಸೈಕಲ್. 2004ರಲ್ಲಿ ಅಪ್ಪ ಅದನ್ನು ತಾವೇ ತಳ್ಳಿಕೊಂಡು ಹೋಗಿ ಅಲ್ಲಿಟ್ಟಿದ್ದರು. ಸೆಂಟರ್ ಸ್ಟ್ಯಾಂಡ್ ಹಾಕಿ, ಟ್ಯಾಂಕಿನ ಮೇಲೊಂದು ಸೀಟಿನ ಮೇಲೊಂದು ಗೋಣಿಚೀಲ ಹೊದಿಸಿ, ಬಾಗಿಲಿಗೆ ಚಿಲಕ ಹಾಕಿ ಬಂದರು. ಮೊಣಕಾಲು ನೋವು, ಇನ್ನು ಕಿಕ್ ಹೊಡೆಯಲಾಗುವುದಿಲ್ಲ ಅಂದರು. 2011ರಲ್ಲಿ ಅಪ್ಪ ಹೋದರು. ಆಮೇಲೂ ಆ ಚಿಲಕ ತೆಗೆಯುವ ಮನಸ್ಸು ನಮಗೆ ಯಾರಿಗೂ ಬರಲಿಲ್ಲ.

2023ರ ಸಂಕ್ರಾಂತಿಗೆ ಊರಿಗೆ ಹೋದಾಗ ನಾನು ನಿವೃತ್ತನಾಗಿ ಮೂರು ತಿಂಗಳಾಗಿತ್ತು. 31 ವರ್ಷ ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಕಲಿಸಿದವನು ನಾನು. ಕೈಗೆ ಕೆಲಸವಿಲ್ಲದೆ ಕೂತರೆ ಬೆರಳು ಚಡಪಡಿಸುತ್ತವೆ. ಬ್ಯಾರನ್ನಿನ ಬಾಗಿಲು ತೆಗೆದು ಗೋಣಿ ಸರಿಸಿದೆ. ಸೀಟಿನ ಹೊಟ್ಟೆಯಲ್ಲಿ ಇಲಿ ಗೂಡು ಮಾಡಿತ್ತು, ಟೈರುಗಳು ರಿಮ್ಮಿಗೆ ಅಂಟಿ ಚಪ್ಪಟೆಯಾಗಿದ್ದವು, ಕ್ರೋಮಿನ ಮೇಲೆ ಕಂದು ಚುಕ್ಕೆ ಎದ್ದಿತ್ತು. ಆದರೆ ಬ್ಯಾರನ್ನಿನ ಒಣ ಗಾಳಿ ಗಾಡಿಯನ್ನು ಕಾಪಾಡಿತ್ತು. ಮರೂನ್ ಬಣ್ಣ ಧೂಳಿನ ಅಡಿಯಲ್ಲಿ ಹಾಗೇ ಇತ್ತು. ಹ್ಯಾಂಡಲ್ಲಿನ ಕೆಳಗೆ, ಫ್ರೇಮಿನ ಕತ್ತಿಗೆ ಬಡಿದ ಪುಟ್ಟ ತಗಡನ್ನು ಪಂಚೆಯ ಅಂಚಿನಿಂದ ಒರೆಸಿದೆ. ಕಂಪನಿಯ ಹೆಸರಿನ ಕೆಳಗೆ ಮೈಸೂರು ಎಂಬ ಅಕ್ಷರಗಳು ಕಾಣಿಸಿದವು. ಹುಡುಗನಾಗಿದ್ದಾಗ ಎಷ್ಟೋ ಸಲ ಅದೇ ಟ್ಯಾಂಕಿನ ಮೇಲೆ ಕೂತು ಹೋಗಿದ್ದೇನೆ, ಆ ತಗಡನ್ನು ಮಾತ್ರ ಅಂದೇ ಮೊದಲು ಓದಿದ್ದು. ಮೈಸೂರು ಅಂದರೆ ರೇಷ್ಮೆ ಸೀರೆ, ಗಂಧದ ಸೋಪು, ಅಗರಬತ್ತಿ, ಮಲ್ಲಿಗೆ, ಪಾಕ್ ಎಂದು ಪಟ್ಟಿ ಹೇಳುತ್ತೇವೆ. ಮೂವತ್ತೈದು ವರ್ಷ ಇದೇ ಊರು ಮೋಟರ್ ಸೈಕಲ್ ಮಾಡಿ ಇಡೀ ದೇಶಕ್ಕೆ ಕಳಿಸಿತು ಎಂಬುದು ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜಾವಾ ಓಡಿಸದವರಿಗೆ ಮೊದಲು ಅದರ ಎಡಗಾಲಿನ ಲಿವರಿನ ವಿಷಯ ಹೇಳಬೇಕು. ಬೇರೆ ಗಾಡಿಗಳಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ. ಜಾವಾದಲ್ಲಿ ಎರಡೂ ಒಂದೇ. ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್. ಎಂಜಿನ್ ಎದ್ದ ಮೇಲೆ ಮುಂದಕ್ಕೆ ಬಾಗಿಸಿದರೆ ಅದೇ ಗೇರ್. ಅಷ್ಟೇ ಅಲ್ಲ, ಕಾಲಿನಿಂದ ಗೇರ್ ಒತ್ತುವಾಗಲೇ ಒಳಗಿರುವ ಒಂದು ಕ್ಯಾಮ್ ಕ್ಲಚ್ಚನ್ನು ತಾನೇ ಬಿಡಿಸುತ್ತದೆ. ಹಾಗಾಗಿ ಓಡುವಾಗ ಕೈ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಹುದು. ಅಪ್ಪ ಎಡಗೈಯಲ್ಲಿ ಛತ್ರಿ ಹಿಡಿದು ಗೇರ್ ಹಾಕುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ.

ಈ ಲಿವರ್ ಹುಟ್ಟಿದ್ದು ಯುದ್ಧಕಾಲದ ಜೆಕೊಸ್ಲೊವಾಕಿಯಾದಲ್ಲಿ. ಫ್ರಾಂಟಿಷೆಕ್ ಯಾನೆಚೆಕ್ ಎಂಬ ಎಂಜಿನಿಯರು ಮೊದಲು ಆಯುಧ ತಯಾರಿಸುತ್ತಿದ್ದವರು. ಮೊದಲ ಮಹಾಯುದ್ಧ ಮುಗಿದು ಆಯುಧದ ಗಿರಾಕಿ ಕಡಿಮೆಯಾದಾಗ, 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟರ್ ಸೈಕಲ್ ಮಾಡುವ ಹಕ್ಕು ಕೊಂಡರು. ಯಾನೆಚೆಕ್‌ನ ಮೊದಲ ಎರಡು ಅಕ್ಷರ, ವಾಂಡರರ್‌ನ ಮೊದಲ ಎರಡು ಅಕ್ಷರ ಸೇರಿ ಜಾವಾ ಆಯಿತು. ಆಮೇಲೆ ಹಿಟ್ಲರನ ಪಡೆ ಆ ದೇಶವನ್ನು ಹಿಡಿಯಿತು. ಸೈನ್ಯದ ಕೆಲಸ ಬಿಟ್ಟು ಬೇರೇನೂ ಮಾಡಬಾರದೆಂಬ ಆ ದಿನಗಳಲ್ಲಿ ಜಾವಾದ ಎಂಜಿನಿಯರುಗಳು ಗುಟ್ಟಾಗಿ ಒಂದು 250 ಸಿಸಿ ಗಾಡಿಯನ್ನು ರೂಪಿಸುತ್ತಿದ್ದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅದನ್ನು ಪ್ಯಾರಿಸ್ಸಿನ ಪ್ರದರ್ಶನಕ್ಕೆ ಒಯ್ದರು. ಪೆರಾಕ್ ಎಂದು ಅದರ ಹೆಸರು. ಒಂದೇ ಲಿವರು, ಕಾಲೊತ್ತಿದರೆ ಬಿಡುವ ಕ್ಲಚ್ಚು ಅದರಲ್ಲೇ ಇದ್ದವು. 1954ರಲ್ಲಿ ಅದರ ಮುಂದಿನ ಪೀಳಿಗೆ ಬಂತು, ಹಿಂಚಕ್ರಕ್ಕೆ ತೂಗುವ ತೋಳಿರುವ 353. ಜೆಕ್ ಜನ ಅದನ್ನು ಪ್ರೀತಿಯಿಂದ ಕೀವಾಚ್ಕಾ, ಅಂದರೆ ತೂಗಾಡುವುದು, ಅನ್ನುತ್ತಾರೆ. ಆ 353ರ ತಮ್ಮನೇ ನಮ್ಮ ಬ್ಯಾರನ್ನಿನಲ್ಲಿ ನಿಂತಿದ್ದ 353/04. ಮೈಸೂರಿನವರ ಬಾಯಲ್ಲಿ ಎ ಟೈಪ್.

ಪ್ರಾಗ್‌ನ ಗಾಡಿ ಮೈಸೂರಿನ ಯಾದವಗಿರಿಗೆ ಬಂದದ್ದು ಮುಂಬೈ ದಾರಿಯಲ್ಲಿ. ಅಲ್ಲಿ ಇರಾನಿ ಕುಟುಂಬ ಜಾವಾ ಗಾಡಿಗಳನ್ನು ತರಿಸಿ ಮಾರುತ್ತಿತ್ತು. 1950ರ ದಶಕದಲ್ಲಿ ಸರ್ಕಾರ ವಿದೇಶಿ ವಾಹನಗಳ ಆಮದಿಗೆ ತಡೆ ಹಾಕಿ, ಬೇಕಾದರೆ ಇಲ್ಲೇ ಮಾಡಿ ಎಂದಿತು. ಮದ್ರಾಸಿನಲ್ಲಿ 1955ರಲ್ಲೇ ಎನ್‌ಫೀಲ್ಡ್ ಶುರುವಾಗಿತ್ತು. ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ ಜೆಕ್ ಕಂಪನಿಯ ಪರವಾನಗಿ ಪಡೆದು ಐಡಿಯಲ್ ಜಾವಾ ಕಟ್ಟಿದರು, ಕಾರ್ಖಾನೆಗೆ ಮೈಸೂರನ್ನು ಆರಿಸಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಮೊದಮೊದಲು ಜೆಕ್ ದೇಶದಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸುತ್ತಿದ್ದರು. ವರ್ಷ ಕಳೆದ ಹಾಗೆ ಒಂದೊಂದೇ ಭಾಗ ಇಲ್ಲೇ ಆಗತೊಡಗಿತು.

ಆ ಕಾಲದ ಯಾದವಗಿರಿಯನ್ನು ಒಂದು ಕ್ಷಣ ನೆನೆಯಿರಿ. ರೈಲ್ವೆ ಸ್ಟೇಷನ್ನಿನ ಆಚೆ ದಿಬ್ಬ, ರಾಮಕೃಷ್ಣ ಆಶ್ರಮ, ಆಕಾಶವಾಣಿಯ ಕಟ್ಟಡ, ಆರ್.ಕೆ. ನಾರಾಯಣ್ ಬರೆಯುತ್ತಾ ಕೂತಿದ್ದ ಬಿಳಿ ಮನೆ. ಇಂಥ ಮೆಲುದನಿಯ ಬಡಾವಣೆಯ ಮಗ್ಗುಲಲ್ಲಿ ಮೋಟರ್ ಸೈಕಲ್ ಕಾರ್ಖಾನೆ. ಪಾಳಿ ಬಿಟ್ಟಾಗ ಖಾಕಿ ತೊಟ್ಟ ಜನ ಸೈಕಲ್ಲಿನಲ್ಲಿ ಹೊಳೆಯಂತೆ ಬರುತ್ತಿದ್ದರು. ಐಟಿಐ ಓದುತ್ತಿದ್ದಾಗ ನಾನು ಕೆಆರ್‌ಎಸ್ ರಸ್ತೆಯ ಬದಿಯಲ್ಲಿ ನಿಂತು ನೋಡುತ್ತಿದ್ದೆ. ನಮ್ಮ ತರಗತಿಯಲ್ಲಿ ಯಾರನ್ನು ಕೇಳಿದರೂ ಒಂದೇ ಆಸೆ: ಜಾವಾ ಫ್ಯಾಕ್ಟ್ರಿಗೆ ಸೇರಬೇಕು. ಹೆಣ್ಣು ಕೊಡುವವರೂ ಹುಡುಗ ಜಾವಾದಲ್ಲಿದ್ದಾನೆ ಅಂದರೆ ಎರಡನೇ ಮಾತು ಆಡುತ್ತಿರಲಿಲ್ಲ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಅದೇ ವರ್ಷ ಗಾಡಿಯ ಹೆಸರೂ ಜಾವಾ ಹೋಗಿ ಯೆಜ್ಡಿ ಆಯಿತು. ಇರಾನಿನ ಯಜ್ದ್ ಊರಿನ ಮೇಲಿಟ್ಟ ಹೆಸರದು. ಹೆಸರು ಬದಲಾದರೂ ಊರವರ ಬಾಯಲ್ಲಿ ಕಾರ್ಖಾನೆ ಕೊನೆತನಕ ಜಾವಾ ಫ್ಯಾಕ್ಟ್ರಿಯಾಗಿಯೇ ಉಳಿಯಿತು. ಬಸ್ಸಿನಲ್ಲಿ ಕಂಡಕ್ಟರು ಕೂಗುತ್ತಿದ್ದುದೂ ಹಾಗೆಯೇ.

ಅಪ್ಪ ಪಶುವೈದ್ಯ ಇಲಾಖೆಯಲ್ಲಿ ಕಾಂಪೌಂಡರ್. ಊರವರಿಗೆ ದನದ ಡಾಕ್ಟ್ರು. 1969ರಲ್ಲಿ ಸಾಲ ಮಾಡಿ ಈ ಗಾಡಿ ತಂದಾಗ ನಮ್ಮ ಸುತ್ತಿನ ಏಳೆಂಟು ಹಳ್ಳಿಗೆ ಅದೊಂದೇ ಪಟಪಟಿ. ಹಿಂದಿನ ಕ್ಯಾರಿಯರಿಗೆ ಒಂದು ಮರದ ಪೆಟ್ಟಿಗೆ ಕಟ್ಟಿಸಿದ್ದರು. ಒಳಗೆ ಹೊಟ್ಟು ತುಂಬಿ, ಹೊಟ್ಟಿನ ನಡುವೆ ಐಸ್ ತುಂಬಿದ ಥರ್ಮಾಸ್ ಫ್ಲಾಸ್ಕು, ಫ್ಲಾಸ್ಕಿನೊಳಗೆ ಲಸಿಕೆಯ ಸೀಸೆ. ಗಳಲೆ ರೋಗ, ಚಪ್ಪೆ ರೋಗ ಮಳೆಗಾಲದಲ್ಲಿ ಬರುವ ಕಾಯಿಲೆಗಳು, ಲಸಿಕೆ ಅದಕ್ಕೆ ಮುಂಚೆಯೇ ಹಾಕಬೇಕು. ಐಸ್ ಕರಗುವ ಮೊದಲು ಹಾಡಿಯ ಅಂಚಿನ ಕೊನೆಯ ದೊಡ್ಡಿ ಮುಟ್ಟಬೇಕು. ಬಸ್ಸು ನಂಬಿದರೆ ಆಗದ ಕೆಲಸ. ಗಾಡಿಯ ಶಬ್ದ ಕೇಳಿದ ಕೂಡಲೇ ಜನ ದನ ಹಿಡಿದು ಕಟ್ಟುತ್ತಿದ್ದರು ಅಂತ ಅಮ್ಮ ಹೇಳುತ್ತಿದ್ದರು. ಒಂದೇ ಸಿಲಿಂಡರು, ಆದರೆ ಎರಡು ಸೈಲೆನ್ಸರು. ಆ ಶಬ್ದ ಬೇರೆ ಯಾವ ಗಾಡಿಗೂ ಇಲ್ಲ. ನಿಧಾನದಲ್ಲಿ ಅದು ಒಂದು ಹೊಡೆತ ಹೊಡೆದು, ಒಂದು ಬಿಟ್ಟು, ಮತ್ತೆ ಹೊಡೆಯುತ್ತದೆ. ಏರಿನಲ್ಲಿ ಬಿಟ್ಟದ್ದನ್ನೆಲ್ಲ ಕೂಡಿಸಿಕೊಂಡು ಒಂದೇ ಸಮ ಎಳೆಯುತ್ತದೆ.

ಫೆಬ್ರವರಿಯಲ್ಲಿ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಮೈಸೂರಿಗೆ ತಂದೆ. ಮಗ ಹೇಳಿದ ಒಂದು ಗ್ಯಾರೇಜಿಗೆ ಒಯ್ದೆ. ಹುಡುಗರು ಚುರುಕಾಗಿದ್ದರು, ಆದರೆ ಈ ಎಂಜಿನ್ ಅವರ ಕೈಗೆ ಹೊಸದು. ಪಿಸ್ಟನ್ ಹಿಡಿದುಕೊಂಡಿತ್ತು. ಬ್ಲಾಕ್ ಮೇಲೇಳಲಿಲ್ಲವೆಂದು ಸುತ್ತಿಗೆಯಿಂದ ಎರಡು ಏಟು ಹಾಕಿದರು. ಎರಕದ ಕಬ್ಬಿಣದ ಒಂದು ಫಿನ್ನು ಬಿಸ್ಕತ್ತಿನಂತೆ ಮುರಿದು ನೆಲಕ್ಕೆ ಬಿತ್ತು. ನಾನು ಒಂದು ಮಾತೂ ಆಡಲಿಲ್ಲ. ಮುರಿದ ತುಂಡನ್ನು ಜೇಬಿಗೆ ಹಾಕಿಕೊಂಡು ಗಾಡಿಯನ್ನು ವಾಪಸು ತಂದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 54 ವರ್ಷ ಮುರಿಯದ ಫಿನ್ನು ನನ್ನ ಕಣ್ಣೆದುರಿಗೇ ಮುರಿದಿತ್ತು.

ಆಮೇಲೆ ಹಳೆಯ ಸಹೋದ್ಯೋಗಿಯೊಬ್ಬರು ಮಂಡಿ ಮೊಹಲ್ಲಾದ ಗಲ್ಲಿಯೊಂದರ ಗುರುತು ಹೇಳಿದರು. ಅಲ್ಲಿ ಬೋರ್ಡು ಇಲ್ಲ. ತಗಡಿನ ಮಾಡು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಕ್ಲಚ್ ಪ್ಲೇಟುಗಳ ಸಾಲು, ಒಂದು ಕಬ್ಬಿಣದ ಕುರ್ಚಿ, ಕುರ್ಚಿಯಲ್ಲಿ 74 ವರ್ಷದ ಮೇಸ್ತ್ರಿ. 1970ರಲ್ಲಿ ಫ್ಯಾಕ್ಟ್ರಿಗೆ ಸೇರಿ ಎಂಜಿನ್ ಜೋಡಣೆಯ ಸಾಲಿನಲ್ಲಿ 26 ವರ್ಷ ನಿಂತವರು. ಗೇಟು ಮುಚ್ಚಿದ ಮೇಲೆ ಈ ಮಾಡಿನ ಕೆಳಗೆ ಬಂದು ಕೂತರು. ಗಾಡಿ ನೋಡಿ ಮೊದಲು ಎಂಜಿನ್ ನಂಬರ್ ಓದಿದರು. ಆಮೇಲೆ ಮುರಿದ ಫಿನ್ನಿನ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. ತುಂಡು ಇದೆಯಾ ಅಂತ ಕೇಳಿದರು. ಜೇಬಿನಿಂದ ತೆಗೆದು ಕೊಟ್ಟೆ. ಹಿತ್ತಾಳೆ ಬೆಸುಗೆ ಹಾಕಿಸೋಣ, ಗಾಳಿಗೆ ಅಷ್ಟು ಸಾಕು ಅಂದರು. ನಾಲಿಗೆ ಉರ್ದು ನಾಲಿಗೆ, ಆದರೆ ಎಂಜಿನ್ನಿನ ಮಾತೆಲ್ಲ ಮೈಸೂರು ಕನ್ನಡ. ಪಿಸ್ಟನ್ ಕೂತಿದೆ, ಎಬ್ಬಿಸಬೇಕು, ಹೊಡೀಬಾರದು ಎಂದು ಹೇಳಿದ್ದನ್ನು ನಾನು ಪಾಠದಂತೆ ಕೇಳಿಸಿಕೊಂಡೆ. ನಾನೂ 31 ವರ್ಷ ಹುಡುಗರಿಗೆ ಸುತ್ತಿಗೆ ಹಿಡಿಯುವುದನ್ನು ಕಲಿಸಿದವನು. ಎಲ್ಲಿ ಹಿಡಿಯಬಾರದು ಎಂಬುದನ್ನು ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ.

ಎಬ್ಬಿಸಿದ್ದು ಹೀಗೆ. ಪ್ಲಗ್ ತೆಗೆದು ಆ ತೂತಿನಿಂದ ಸೀಮೆಎಣ್ಣೆ ಮತ್ತು ಎಂಜಿನ್ ಆಯಿಲ್ ಸಮಸಮ ಬೆರೆಸಿ ಹೊಯ್ದರು. ಹನ್ನೊಂದು ದಿನ ಬಿಟ್ಟರು. ದಿನಾ ಬೆಳಗ್ಗೆ ಒಂದು ಲೋಟದಷ್ಟು ಮತ್ತೆ. ಹನ್ನೆರಡನೇ ದಿನ ಟಾಪ್ ಗೇರಿಗೆ ಹಾಕಿ, ಹಿಂಚಕ್ರವನ್ನು ಎರಡು ಕೈಯಲ್ಲಿ ಹಿಡಿದು, ಮಗುವಿನ ತೊಟ್ಟಿಲು ತೂಗುವಂತೆ ಹಿಂದಕ್ಕೂ ಮುಂದಕ್ಕೂ ಅಲುಗಿಸಿದರು. ಬಲ ಹಾಕಲಿಲ್ಲ. ಕಾಲು ಗಂಟೆಯ ಮೇಲೆ ಒಳಗೆ ಏನೋ ಸಡಿಲವಾದಂತೆ ಸಣ್ಣ ಸದ್ದು. ಚಕ್ರ ಒಂದು ಅಂಗುಲ ಹೆಚ್ಚು ಹೋಯಿತು. ಮೇಸ್ತ್ರಿ ತಲೆಯೆತ್ತಿ ನನ್ನ ಮುಖ ನೋಡಿದರು. ಆ ಅಂಗುಲಕ್ಕೆ ನನಗೆ ಕಣ್ಣು ಒದ್ದೆಯಾಯಿತು.

ಈ ಮೇಸ್ತ್ರಿಗಳ ವಿದ್ಯೆಯ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಬರೆಯಬೇಕು, ಯಾಕೆಂದರೆ ಅದು ಯಾವ ಪುಸ್ತಕದಲ್ಲೂ ಪೂರ್ತಿ ಇಲ್ಲ. ಟೂ ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್ ಇಲ್ಲ, ಕ್ಯಾಮ್ ಶಾಫ್ಟ್ ಇಲ್ಲ. ಪಿಸ್ಟನ್ನು, ಕನೆಕ್ಟಿಂಗ್ ರಾಡು, ಕ್ರ್ಯಾಂಕು, ಮುಖ್ಯವಾಗಿ ಓಡಾಡುವುದು ಈ ಮೂರೇ. ಪೆಟ್ರೋಲಿನಲ್ಲೇ ಆಯಿಲ್ ಬೆರೆಸುವುದರಿಂದ ಎಂಜಿನ್ನಿಗೆಂದು ಬೇರೆ ಆಯಿಲ್ ಪಂಪಿಲ್ಲ. ಹಾಗಾಗಿ ತಾಲ್ಲೂಕು ಊರಿನ ಮೇಸ್ತ್ರಿ ನಾಲ್ಕು ಸ್ಪ್ಯಾನರಿನಲ್ಲಿ ಅದನ್ನು ಬಿಚ್ಚಿ ಸಂಜೆಗೆ ಜೋಡಿಸಿ ಕೊಡುತ್ತಿದ್ದ. ಸಂತೆಗೆ ಬಂದವನು ಗಾಡಿ ಬಿಟ್ಟು, ಸಂತೆ ಮುಗಿಸಿ ಗಾಡಿ ತಗೊಂಡು ಹೋಗುತ್ತಿದ್ದ. ಪ್ಲಾಟಿನಂ ಪಾಯಿಂಟಿನ ಅಂತರ 0.4 ಮಿಲಿಮೀಟರ್ ಇರಬೇಕು. ಫೀಲರ್ ಗೇಜ್ ಇಲ್ಲದ ಮೇಸ್ತ್ರಿ ಅದನ್ನು ಕಣ್ಣಳತೆಯಲ್ಲೇ ಕೂರಿಸುತ್ತಿದ್ದ. ಟೈಮಿಂಗ್ ಇಡಲು ನಮ್ಮ ಮೇಸ್ತ್ರಿ ಇವತ್ತಿಗೂ ಸಿಗರೇಟು ಪ್ಯಾಕಿನ ಒಳಗಿನ ತೆಳು ಕಾಗದ ಬಳಸುತ್ತಾರೆ. ಕಾಗದವನ್ನು ಪಾಯಿಂಟುಗಳ ನಡುವೆ ಸಿಕ್ಕಿಸಿ, ಒಂದು ಕೈಯಲ್ಲಿ ಮೆಲ್ಲಗೆ ಎಳೆಯುತ್ತಾ ಇನ್ನೊಂದು ಕೈಯಲ್ಲಿ ಕ್ರ್ಯಾಂಕ್ ತಿರುಗಿಸುವುದು. ಕಾಗದ ಜಾರಿದ ಗಳಿಗೆಯೇ ಪಾಯಿಂಟ್ ಬಿಚ್ಚಿಕೊಂಡ ಗಳಿಗೆ. ಆಗ ಪ್ಲಗ್ಗಿನ ತೂತಿನಲ್ಲಿ ಇಳಿಬಿಟ್ಟ ಗೆರೆ ಕೊರೆದ ಕಡ್ಡಿಯನ್ನು ನೋಡಬೇಕು. ಪಿಸ್ಟನ್ ಮೇಲಿನ ತುದಿ ಮುಟ್ಟಲು ಇನ್ನೂ ಮೂರು ನಾಲ್ಕು ಮಿಲಿಮೀಟರ್ ಇರಬೇಕು. ಆ ಕಡ್ಡಿ ಅವರದು ಫ್ಯಾಕ್ಟ್ರಿ ಕಾಲದ್ದು, ಹಿತ್ತಾಳೆಯದು, ಹಿಡಿದೂ ಹಿಡಿದೂ ಬೆರಳಿನ ಅಚ್ಚು ಬಿದ್ದಿದೆ.

ಪ್ಲಗ್ಗಿನ ಬಣ್ಣ ನೋಡಿ ರೋಗ ಹೇಳುವುದು ಇನ್ನೊಂದು ವಿದ್ಯೆ. ಕಾಫಿಪುಡಿ ಬಣ್ಣ ಬಂದರೆ ಸರಿ. ಮಸಿಯಂತೆ ಕಪ್ಪಿದ್ದರೆ ಪೆಟ್ರೋಲ್ ಜಾಸ್ತಿ. ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಎಲ್ಲೋ ಕದ್ದು ನುಗ್ಗುತ್ತಿದೆ, ಹಾಗೇ ಓಡಿಸಿದರೆ ಪಿಸ್ಟನ್ ಕರಗುತ್ತದೆ. ಅಪ್ಪನೂ ಭಾನುವಾರ ಪ್ಲಗ್ ಬಿಚ್ಚಿ ಹೀಗೆ ಬೆಳಕಿಗೆ ಹಿಡಿದು ನೋಡುತ್ತಿದ್ದರು, ಹಸುವಿನ ನಾಲಿಗೆ ನೋಡಿದ ಹಾಗೆ.

ಬ್ಲಾಕಿನ ಗೋಡೆ ಒಂದು ಕಡೆ ಸವೆದಿತ್ತು. ಕಬ್ಬಿಣದ ಬ್ಲಾಕಾದ್ದರಿಂದ ಬೋರ್ ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಬಹುದು. ಮೂಲ ಅಳತೆ 65 ಮಿಲಿಮೀಟರ್. ನಾವು ಅರ್ಧ ಮಿಲಿಮೀಟರ್ ದೊಡ್ಡದಕ್ಕೆ ಹೋದೆವು. ಪಿಸ್ಟನ್ ಸಿಗಲು ಎರಡು ತಿಂಗಳು ಬೇಕಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಮೂರು ಸಲ ಸುತ್ತಿದೆ. ಕಾರ್ಬ್ಯುರೇಟರು ಮಾತ್ರ ಹಳೆಯದೇ, ಜೆಕ್ ಮಾದರಿಯ ಜಿಕೋವ್; ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಜೆಟ್ಟಿನ ಕಣ್ಣಿಗೆ ಗಾಳಿ ಊದಿದ್ದೇ ಸಾಕಾಯಿತು. ಟ್ಯಾಂಕಿನೊಳಗೆ ತುಕ್ಕು ಪದರಪದರವಾಗಿ ಎದ್ದಿತ್ತು. ಅದಕ್ಕೆ ಅಂಗಡಿಯ ಆ್ಯಸಿಡ್ ಬೇಡವೆಂದು ಮೇಸ್ತ್ರಿ ಹೇಳಿದರು. ಎರಡು ಕೆಜಿ ಹಳೇ ಹುಣಸೆಹಣ್ಣು ಕಿವುಚಿ, ಗಟ್ಟಿ ಹುಳಿ ಮಾಡಿ, ಟ್ಯಾಂಕಿಗೆ ತುಂಬಿ ಮೂರು ದಿನ ಇಟ್ಟೆವು. ಆಮೇಲೆ ಒಂದು ಹಿಡಿ ಸಣ್ಣ ನಟ್ಟುಗಳನ್ನು ಹಾಕಿ, ಟ್ಯಾಂಕನ್ನು ಹಳೇ ರಜಾಯಿಯಲ್ಲಿ ಸುತ್ತಿ, ನಾನೂ ನನ್ನ ಹೆಂಡತಿಯೂ ವರಾಂಡದಲ್ಲಿ ಎದುರುಬದುರು ಕೂತು ಒಂದು ಗಂಟೆ ಅಲ್ಲಾಡಿಸಿದೆವು. ಹೊರಬಂದ ನೀರು ಸಾರಿನ ಬಣ್ಣದ್ದು. ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಬೂದುಬಣ್ಣದ ಬರಿಯ ಲೋಹ. ತಾಮ್ರದ ಬಿಂದಿಗೆ ಬೆಳಗುವ ಹುಳಿಯೇ ಇಲ್ಲಿಯೂ ಕೆಲಸ ಮಾಡಿತ್ತು.

ಸೈಲೆನ್ಸರ್ ಸುಡುವುದು ನಮ್ಮ ಕಡೆ ಒಂದು ವಾರ್ಷಿಕ ಪದ್ಧತಿಯೇ ಆಗಿತ್ತು. ಟೂ ಸ್ಟ್ರೋಕ್ ಗಾಡಿಯಲ್ಲಿ ಬೆಂದ ಆಯಿಲ್ ಮಸಿಯಾಗಿ ಸೈಲೆನ್ಸರಿನೊಳಗೆ ಕಟ್ಟಿಕೊಳ್ಳುತ್ತದೆ. ಉಸಿರು ಕಟ್ಟಿದ ಗಾಡಿ ಎಳೆಯುವುದಿಲ್ಲ. ಆಯುಧಪೂಜೆಗೆ ವಾರವಿದೆ ಅನ್ನುವಾಗ ಅಪ್ಪ ಎರಡೂ ಸೈಲೆನ್ಸರ್ ಬಿಚ್ಚಿ, ಕಣದ ಮೂಲೆಯಲ್ಲಿ ಹುಲ್ಲು ಮತ್ತು ಬೆರಣಿ ಒಟ್ಟಿ, ಒಳಗಿನ ಕೊಳವೆಗಳನ್ನು ಬೆಂಕಿಗೆ ಇಡುತ್ತಿದ್ದರು. ಮೊದಲು ದಟ್ಟ ಕಪ್ಪು ಹೊಗೆ, ಆಮೇಲೆ ನೀಲಿ, ಕೊನೆಗೆ ಹೊಗೆಯೇ ಇಲ್ಲ. ತಣಿದ ಮೇಲೆ ಕಲ್ಲಿಗೆ ಕುಟ್ಟಿದರೆ ಮಸಿ ಚಕ್ಕೆಚಕ್ಕೆಯಾಗಿ ಉದುರುತ್ತಿತ್ತು. ಆಮೇಲೆ ಗಾಡಿಗೆ ಸ್ನಾನ, ಕುಂಕುಮ, ಬೂದಗುಂಬಳ. ಈ ಸಲ ಮಂಡಿ ಮೊಹಲ್ಲಾದ ಗಲ್ಲಿಯಲ್ಲಿ ಬೆಂಕಿ ಹಾಕುವ ಹಾಗಿರಲಿಲ್ಲ. ಸೈಲೆನ್ಸರುಗಳನ್ನು ಊರಿಗೆ ಒಯ್ದು ಅದೇ ಕಣದಲ್ಲಿ ಸುಟ್ಟೆ.

ಕಾರ್ಖಾನೆ ಏಕೆ ನಿಂತಿತು ಎಂಬುದಕ್ಕೆ ಮೈಸೂರಿನಲ್ಲಿ ಹತ್ತು ಜನ ಹತ್ತು ಕಾರಣ ಹೇಳುತ್ತಾರೆ. ನನಗೆ ಕಾಣುವುದು ಇಷ್ಟು. 1978ರಲ್ಲಿ ಬಂದ ರೋಡ್‌ಕಿಂಗ್ ಬಹಳ ಒಳ್ಳೆಯ ಗಾಡಿ, ರ‍್ಯಾಲಿ ಓಡಿಸುವವರ ಅಚ್ಚುಮೆಚ್ಚು. ಆದರೆ 1980ರ ದಶಕದ ನಡುವೆ ಜಪಾನಿ ಕಂಪನಿಗಳ ಜೊತೆ ಸೇರಿದ 100 ಸಿಸಿ ಗಾಡಿಗಳು ಬಂದವು: 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಮತ್ತು ಯಮಹಾ ಆರ್‌ಎಕ್ಸ್. ಲೀಟರಿಗೆ 80 ಕಿಲೋಮೀಟರ್ ಎಂಬ ಹೀರೋ ಹೋಂಡಾದ ಜಾಹೀರಾತಿನ ಮುಂದೆ ಮೂವತ್ತರ ಆಸುಪಾಸು ಕೊಡುವ 250 ಸಿಸಿ ಗಾಡಿ ನಿಲ್ಲಬೇಕಿತ್ತು. 1991ರಲ್ಲಿ ಹೊಗೆಯ ಮೇಲೆ ಮೊದಲ ನಿಯಮ ಬಂತು, 1996ರಲ್ಲಿ ಅದು ಇನ್ನೂ ಬಿಗಿಯಾಯಿತು. ಪೆಟ್ರೋಲಿನ ಜೊತೆ ಆಯಿಲ್ ಸುಡುವ ಎಂಜಿನ್ನಿಗೆ ಆ ಬಾಗಿಲು ಕಿರಿದು. ಕೆಲಸಗಾರರ ತಕರಾರುಗಳೂ ಇದ್ದವು. 1996ರಲ್ಲಿ ಯಾದವಗಿರಿಯ ಗೇಟು ಮುಚ್ಚಿತು. ಆ ವರ್ಷ ನನ್ನ ತರಗತಿಯಲ್ಲಿ ಜಾವಾ ಫ್ಯಾಕ್ಟ್ರಿಗೆ ಸೇರಬೇಕೆಂದು ಬಂದ ಹುಡುಗರು ನಾಲ್ವರಿದ್ದರು. ಅವರಿಗೆ ಏನು ಹೇಳಿದೆನೋ ನೆನಪಿಲ್ಲ, ಅವರ ಮುಖ ಮಾತ್ರ ನೆನಪಿದೆ.

ಹೊಗೆಯ ನಿಯಮ ತಪ್ಪು ಎಂದು ನಾನು ಹೇಳಲಾರೆ. ಅಂಥ ಲಕ್ಷ ಗಾಡಿ ಒಂದೇ ಊರಲ್ಲಿ ಓಡಿದರೆ ಮಕ್ಕಳು ಉಸಿರಾಡುವುದು ಹೇಗೆ? ಆದರೆ ಎಂಜಿನ್ ಬಿಚ್ಚಿ ಜೋಡಿಸುವ ಸಾವಿರಾರು ಕೈಗಳನ್ನು ಒಂದು ಊರು ಮೂವತ್ತೈದು ವರ್ಷ ತಿದ್ದಿ ತೀಡಿತ್ತು. ಆ ಕೈಗಳ ವಿದ್ಯೆಗೆ ಊರು ಒಂದು ನೆಲೆ ಮಾಡಿಕೊಡಲಿಲ್ಲ. ಕೆಲವರು ಗಲ್ಲಿಯಲ್ಲಿ ಗ್ಯಾರೇಜಿಟ್ಟರು. ಕೆಲವರು ಆಟೋ ಓಡಿಸಿದರು. ಗಾಡಿಗಳನ್ನು ಉಳಿಸಿದ್ದು ಮುಖ್ಯವಾಗಿ ಆ ಗ್ಯಾರೇಜುಗಳು, ಜೊತೆಗೆ ಹಳೇ ಜಾವಾ ಕೊಂಡು ಸರಿಮಾಡಿ ಪ್ರತಿವರ್ಷ ಜುಲೈನ ಎರಡನೇ ಭಾನುವಾರ ಒಂದೆಡೆ ಸೇರುವ ತರುಣರು. 2018ರಲ್ಲಿ ಜಾವಾ ಹೆಸರು ಮತ್ತೆ ಬಂತು, 2022ರಲ್ಲಿ ಯೆಜ್ಡಿ. ಅವು ಫೋರ್ ಸ್ಟ್ರೋಕ್ ಗಾಡಿಗಳು, ಮಧ್ಯಪ್ರದೇಶದ ಪೀತಂಪುರದಲ್ಲಿ ಆಗುತ್ತವೆ. ಮೇಸ್ತ್ರಿ ಒಂದನ್ನು ಸುತ್ತ ನಡೆದು ನೋಡಿದರು. ಚೆನ್ನಾಗಿದೆ ಅಂದರು. ಲಿವರ್ ಬೇರೆ ಅಂದರು.

ಕಾಗದಪತ್ರದ ಕೆಲಸ ಗಾಡಿಯ ಕೆಲಸದಷ್ಟೇ ದಿನ ತಿಂದಿತು. ಅಪ್ಪನ ಹೆಸರಿನಿಂದ ನನ್ನ ಹೆಸರಿಗೆ ಬರಬೇಕು. ಮಾಲೀಕರು ತೀರಿಹೋಗಿದ್ದರೆ ಅದಕ್ಕೆ 31ನೇ ನಮೂನೆ, ಜೊತೆಗೆ ಅಣ್ಣತಂಗಿಯರ ಒಪ್ಪಿಗೆ. 15 ವರ್ಷ ಮೀರಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ. 2021ರಿಂದ 50 ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ನೋಂದಣಿಯೂ ಇದೆ, ವಿಎ ಎಂಬ ಅಕ್ಷರವಿರುವ ಬೇರೆ ನಂಬರು ಕೊಡುತ್ತಾರೆ. ಹಾಗೆ ಮಾಡಿಸಿ ಎಂದು ಹಲವರು ಹೇಳಿದರು. ಆದರೆ ಆ ನಂಬರಿನ ಗಾಡಿಯನ್ನು ಪ್ರದರ್ಶನ, ರ‍್ಯಾಲಿ ಇಂಥವಕ್ಕೆ ಬಿಟ್ಟು ದಿನಬಳಕೆಗೆ ಓಡಿಸುವ ಹಾಗಿಲ್ಲ. ದನದ ಡಾಕ್ಟರ ಗಾಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡಲು ನನಗೆ ಮನಸ್ಸು ಬರಲಿಲ್ಲ. ಹಳೆಯ ನಂಬರನ್ನೇ ಉಳಿಸಿಕೊಂಡೆ.

2024ರ ಮಾರ್ಚ್‌ನ ಒಂದು ಬೆಳಗ್ಗೆ ಲೀಟರಿಗೆ 40 ಎಂಎಲ್ ಲೆಕ್ಕದಲ್ಲಿ ಆಯಿಲ್ ಬೆರೆಸಿ ಪೆಟ್ರೋಲ್ ಹಾಕಿದೆವು. ಟಿಕ್ಲರ್ ಒತ್ತಿದೆ, ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಬೆರಳಿಗೆ ತಣ್ಣಗೆ ಹರಿಯಿತು. ಜಾವಾದ ಕೀ ಅಂದರೆ ಹಲ್ಲಿಲ್ಲದ ಒಂದು ಗೂಟ, ಒಂದು ಗಾಡಿಯದು ಇನ್ನೊಂದಕ್ಕೂ ಆಗುತ್ತದೆ. ಅಪ್ಪನ ಕೀ ಕಳೆದುಹೋಗಿತ್ತು, ಮೇಸ್ತ್ರಿಯದನ್ನು ಒತ್ತಿದೆ. ಲಿವರ್ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದೆ. ನಾಲ್ಕನೇ ಕಿಕ್ಕಿಗೆ ಒಂದು ಕೆಮ್ಮು, ಆರನೆಯದಕ್ಕೆ ಎದ್ದಿತು. ಗಲ್ಲಿಯ ತುಂಬ ಬಿಳಿ ಹೊಗೆ. ಮೇಲಿನ ಮನೆಯ ಮುದುಕಿ ಕಿಟಕಿ ತೆಗೆದು, ಬೈಯುತ್ತಾಳೆಂದುಕೊಂಡರೆ, ಯಾರದು ಅಂತ ಮಾತ್ರ ಕೇಳಿದಳು.

ಅದೇ ವಾರ ಊರಿಗೆ ಹೊರಟೆ. ಆಕಾಶವಾಣಿಯ ಮುಂದಿನಿಂದ ಹಾದು, ಕಾರ್ಖಾನೆಯಿದ್ದ ಕಡೆಯ ರಸ್ತೆಯಲ್ಲಿ ಒಂದು ಸುತ್ತು ಹಾಕಿ, ಆಮೇಲೆ ಹುಣಸೂರು ರಸ್ತೆ. ಹುಣಸೂರಿಗೇ 45 ಕಿಲೋಮೀಟರ್ ದಾರಿ. ಹೊಸ ಪಿಸ್ಟನ್, ಮೊದಲ ಐನೂರು ಕಿಲೋಮೀಟರ್ ಐವತ್ತು ದಾಟಬೇಡಿ ಎಂದು ಮೇಸ್ತ್ರಿ ಹೇಳಿದ್ದರು. ಇಲವಾಲ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು. ಶಬ್ದ ಅಷ್ಟು ಚೆನ್ನಾಗಿತ್ತು, ನಾನು ಅರವತ್ತಕ್ಕೆ ಬಿಟ್ಟೆ. ಎರಡು ನಿಮಿಷದಲ್ಲಿ ಎಂಜಿನ್ ಹಿಡಿದು ಹಿಂಚಕ್ರ ಎಳೆದುಕೊಂಡಿತು. ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿದೆ. ತಪ್ಪು ನನ್ನದೇ. ಹುಣಸೆಮರದ ನೆರಳಲ್ಲಿ ಒಂದು ಗಂಟೆ ಬ್ಲಾಕ್ ಮುಟ್ಟಿ ಮುಟ್ಟಿ ನೋಡುತ್ತಾ ಕೂತೆ. ಕೈ ಇಡುವಷ್ಟು ತಣಿದ ಮೇಲೆ ಮೆಲ್ಲಗೆ ಕಿಕ್ ಒತ್ತಿದೆ, ಬಿಟ್ಟುಕೊಂಡಿತು. ಅಲ್ಲಿಂದ ಬಿಳಿಕೆರೆ, ಹುಣಸೂರು, ನಮ್ಮೂರು, ಎಲ್ಲವೂ ನಲವತ್ತರಲ್ಲಿ.

ಈಗ ಗಾಡಿ ವಾರಕ್ಕೆರಡು ಸಲ ಓಡುತ್ತದೆ. ಒಂದು ಕಾಯಿಲೆ ಉಳಿದಿದೆ. ಎಡಗಡೆಯ ಕ್ರ್ಯಾಂಕ್ ಸೀಲ್ ಗಟ್ಟಿಯಾಗಿ ಕ್ಲಚ್ ಕಡೆಯ ಆಯಿಲನ್ನು ಎಂಜಿನ್ ಒಳಕ್ಕೆ ಎಳೆದುಕೊಳ್ಳುತ್ತಿದೆ, ಬೆಳಗಿನ ಬಿಳಿ ಹೊಗೆ ಅದರದೇ. ಅದನ್ನು ಬದಲಿಸಲು ಕಾರ್ಕ್ ಹಾಕಿದ ಕ್ಲಚ್ ಪ್ಲೇಟುಗಳನ್ನೆಲ್ಲ ತೆಗೆದು, ಪ್ರೈಮರಿ ಚೈನ್ ಇಳಿಸಿ, ಪುಲ್ಲರ್ ಹಾಕಿ ಹಬ್ ಎಳೆಯಬೇಕು. ಪುಲ್ಲರ್ ಮೇಸ್ತ್ರಿಯ ಬಳಿ ಇದೆ. ಅವರು ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಿದ್ದಾರೆ, ಬಗ್ಗಿ ಕೆಲಸ ಮಾಡಬಾರದಂತೆ. ನನ್ನ ಹಳೆಯ ಐಟಿಐನಲ್ಲಿ ಮೋಟರ್ ಮೆಕ್ಯಾನಿಕ್ ಓದುತ್ತಿರುವ ನಂಜನಗೂಡು ಕಡೆಯ ಒಬ್ಬ ಹುಡುಗಿ ಎರಡು ವಾರದಿಂದ ಮಂಡಿ ಮೊಹಲ್ಲಾಕ್ಕೆ ಬರುತ್ತಿದ್ದಾಳೆ. ಈ ಭಾನುವಾರ ಬಿಚ್ಚುವವಳು ಅವಳು. ಮೇಸ್ತ್ರಿ ಕಬ್ಬಿಣದ ಕುರ್ಚಿಯಲ್ಲಿ ಕೂತು ಹೇಳುತ್ತಾರೆ. ನಾನು ಟಾರ್ಚ್ ಹಿಡಿಯುತ್ತೇನೆ.